ಗಾಜಿನ ಗುಡ್ಡ, ಕಲ್ಯಾಣದುರ್ಗದ ಕಲ್ಲು

ಕಂಬದೂರು ಕಡೆಯ ಎರ್ರಪ್ಪನನ್ನು ಯಾವ ಮದುವೆಗೆ ಕರೆದರೂ, ಯಾವ ಗೃಹಪ್ರವೇಶಕ್ಕೆ ಕರೆದರೂ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಮಂದೆ ಬಿಟ್ಟು ಹೆಂಗಪ್ಪ ಬರ್ಲಿ?" ಬುದ್ಧಿ ಬಂದಾಗಿನಿಂದ ಕುರಿಗಳ ಹಿಂದೆ ನಡೆದ ಮನುಷ್ಯ. ತನ್ನ ಮದುವೆಯ ದಿನವೂ ಒಂದು ಕುರಿ ಈಯುತ್ತಿತ್ತೆಂದು ಹಸೆಮಣೆಗೆ ತಡವಾಗಿ ಬಂದವನು. ಬಂದಾಗ ಕಂಬಳಿಯೊಳಗೆ ಮರಿ ಇತ್ತಂತೆ. ಅವನ ಹೆಂಡತಿ ಬೀರಕ್ಕ ಅದನ್ನು ಇಂದಿಗೂ ಬಿಟ್ಟಿಲ್ಲ. "ತಾಳಿ ಕಟ್ಟೋವಾಗ ನನ್ನ ಮಖ ನೋಡ್ಲಿಲ್ಲ ಕಣ್ರಪ್ಪ ಈವಯ್ಯ, ಮರಿ ಎದ್ದು ನಿಂತೈತಾ ಅಂತ ಬಗ್ಗಿ ನೋಡ್ತಿದ್ದ. ನನ್ನ ಕೊರಳು ಅಂತ ಮರಿ ಕೊರಳಿಗೆ ಕಟ್ಟಲಿಲ್ಲವಲ್ಲ, ಅದೇ ನನ್ನ ಪುಣ್ಯ" ಎನ್ನುತ್ತಾಳೆ.

ಅಂಥವನಿಗೆ ಮೊಣಕಾಲು ಕೈಕೊಟ್ಟಿತು. ಗುಡ್ಡ ಹತ್ತಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮಂದೆಯನ್ನು ಬಾಮೈದ ಮರುಳಸಿದ್ದಪ್ಪನ ಕೈಗೆ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ಹಿಂದೂಪುರಕ್ಕೆ, ನಮ್ಮ ಬೀದಿಯಲ್ಲಿರುವ ಮಗ ಆಂಜನೇಯನ ಮನೆಗೆ ಬಂದ. ಮಗ ಲಗೇಜ್ ಆಟೋ ಓಡಿಸುತ್ತಾನೆ. ಸೊಸೆ ಅಮೃತಾ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮೊಮ್ಮಗಳು ಹರ್ಷಿತಾ ಇನ್ನೂ ಅಂಬೆಗಾಲಿಡುವ ಕೂಸು. ಮನೆ ತುಂಬ ಜನ, ಹೊತ್ತಿಗೆ ಸರಿಯಾಗಿ ಮುದ್ದೆ, ಯಾವುದಕ್ಕೂ ಕೊರತೆಯಿಲ್ಲ. ಕಾಯುವುದಕ್ಕೆ ಮಾತ್ರ ಏನೂ ಇಲ್ಲ. ಕಾದೇ ಬೆಳೆದ ಜೀವಕ್ಕೆ ಅದೊಂದು ಇಲ್ಲದಿದ್ದರೆ ಕೈಕಾಲು ಎಲ್ಲಿಡಬೇಕೆಂಬುದೇ ತಿಳಿಯುವುದಿಲ್ಲ.

ಬೆಳಗಾದರೆ ಕೋಲು ಹಿಡಿದು ಹೊರಡುತ್ತಿದ್ದ. ಹಿಂದೂಪುರದ ಹೊಸ ಬಡಾವಣೆಗಳಲ್ಲಿ ಖಾಲಿ ಸೈಟುಗಳಿಗೇನು ಬರ? ಒಂದೊಂದರ ಮುಂದೆಯೂ ನಿಂತು, ತಲೆ ಓರೆ ಮಾಡಿ, ಒಳಗೆ ಬೆಳೆದ ಹುಲ್ಲನ್ನು ನೋಡುವುದು. ಒಂದು ದಿನ ಬೈಕಿನಲ್ಲಿ ಹೋಗುತ್ತಿದ್ದ ಬ್ರೋಕರೊಬ್ಬ ಗಕ್ಕನೆ ನಿಲ್ಲಿಸಿ, "ಸೈಟ್ ನೋಡ್ತಿದೀರಾ ಯಜಮಾನ್ರೇ? ಮೂಲೆ ಸೈಟು, ಪೂರ್ವ ದಿಕ್ಕು" ಎಂದ. ಎರ್ರಪ್ಪ, "ಇಲ್ಲ ಕಣಪ್ಪ, ಮೇವು ನೋಡ್ತಿದೀನಿ" ಎಂದ. ಬ್ರೋಕರು ಒಂದು ಗಳಿಗೆ ಅವನ ಮುಖ ನೋಡಿ, ಬೈಕು ಒದ್ದು ಹೊರಟೇಹೋದ. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿದ್ದ ಚಪ್ಪಲಿಗಳನ್ನು ಎಣಿಸಿ, ಎಲ್ಲರೂ ಒಳಗೆ ಬಂದರೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಚಿಲಕ ಹಾಕುವುದು. "ನಾವೇನು ಕುರೀನಾ ಎಣಿಸಾಕೆ?" ಎಂದು ಬೀರಕ್ಕ ರೇಗುತ್ತಿದ್ದಳು.

ಹೀಗಿರುವಾಗ ಮೇಲಿನ ಮನೆಯ ಬಾಡಿಗೆಯವರು ಖಾಲಿ ಮಾಡಿದರು. ಹೋಗುವಾಗ ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು, ಅದರ ದೀಪ, ನೀರು ಸೋಸುವ ಮೋಟರು ಸಮೇತ, ಮೆಟ್ಟಿಲ ಕೆಳಗೆ ಬಿಟ್ಟುಹೋದರು. ಒಂದು ಕುರಿಮರಿ ಕಾಲು ಚಾಚಿ ಮಲಗುವಷ್ಟು ಉದ್ದದ ತೊಟ್ಟಿ. ಬೀರಕ್ಕ ಅದನ್ನು ಕಂಡ ಕೂಡಲೇ ಅದರ ಹಣೆಬರಹ ಬರೆದಳು.

"ಈರುಳ್ಳಿಗೆ ಹೇಳಿ ಮಾಡಿಸ್ದಂಗೈತೆ. ಯಾವ್ದು ಕೊಳೀತಾ ಐತೆ ಅಂತ ಹೊರಗಿಂದ್ಲೇ ಕಾಣ್ತದೆ."

"ಅದು ಮೀನಿಂದು ಅತ್ತೆ" ಎಂದಳು ಅಮೃತಾ. "ಮಗು ನೋಡ್ಕೊಂಡು ಸುಮ್ಕಿರ್ತದೆ, ನಾಕು ಮೀನು ತಂದು ಬಿಡೋಣ. ಮಾವ, ಬಜಾರಿಗೆ ಹೋದಾಗ ಮೀನಿನಂಗಡೀಲಿ ಕೇಳ್ಕೊಂಡು ಬನ್ನಿ."

ಕೆಲಸವೊಂದು ಸಿಕ್ಕಿತೆಂದು ಎರ್ರಪ್ಪ ಅವತ್ತೇ ಹೋದ. ಬಣ್ಣದ ಮೀನು ಮಾರುವ ಚಂದ್ರಮೋಹನನ ಅಂಗಡಿ ಬಜಾರಿನ ಓಣಿಯೊಂದರಲ್ಲಿದೆ. ಅಂಗಡಿಯ ಮುಂದಿನ ತೊಟ್ಟಿಯಲ್ಲಿ ಗೊಂಬೆಯಿಲ್ಲ, ಪ್ಲಾಸ್ಟಿಕ್ ಗಿಡವಿಲ್ಲ. ಬೂದು ಬಣ್ಣದ ಒಂದು ದೊಡ್ಡ ಕಲ್ಲು, ಅದರ ಪಕ್ಕಕ್ಕೆ ಒರಗಿದ ಚಿಕ್ಕ ಕಲ್ಲುಗಳು, ಬುಡದಲ್ಲೆಲ್ಲ ಬೆರಳ ಉಗುರಿನಷ್ಟು ಎತ್ತರದ ಹಸಿರು ಹುಲ್ಲು. ಮೇಲೆ ಸಾಸಿವೆ ಚೆಲ್ಲಿದಂತೆ ಓಡಾಡುವ ಪುಟ್ಟ ಮೀನು. ಎರ್ರಪ್ಪ ಅದರ ಮುಂದೆ ನಿಂತವನು ನಿಂತೇಬಿಟ್ಟ.

"ಏನು ಪೆದ್ದಾಯನಾ, ಯಾವ ಮೀನು ಬೇಕು?" ಎಂದ ಚಂದ್ರಮೋಹನ, ಹಿರಿಯರನ್ನು ತೆಲುಗಿನಲ್ಲಿ ಕರೆಯುವ ಹಾಗೆ.

"ಮೀನು ಇರ್ಲಿ ಕಣಪ್ಪ. ಈ ಗುಡ್ಡ ಯಾವೂರ್ದು?"

"ಓ, ಇದಾ. ಇದು ಜಪಾನಿನೋರ ಪದ್ಧತಿ. ಬರೀ ಕಲ್ಲು, ಹುಲ್ಲು, ಅಷ್ಟೇ."

"ಜಪಾನಾ? ಯಾರಪ್ಪ ನಿಂಗೆ ಹೇಳಿದ್ದು? ಇದು ನಮ್ಮ ಕಂಬದೂರು ಗುಡ್ಡ. ಮಳೆ ಬಿದ್ದು ಗರಿಕೆ ಚಿಗುರಿದಾಗ ಹಿಂಗೇ ಇರ್ತದೆ. ಅಗೋ, ಆ ಸಂದೀಲಿ ಕೂತು ನಾನು ಬುತ್ತಿ ಬಿಚ್ಚುತಿದ್ದೆ."

"ಈಗ ಬಿಚ್ಬೇಡ. ಅಲ್ಲಿ ಸೀಗಡಿ ಅವೆ, ನಿನ್ನ ಮುದ್ದೇನೂ ಬಿಡಲ್ಲ."

ನಗುನಗುತ್ತಲೇ ಚಂದ್ರಮೋಹನ ಆ ಪದ್ಧತಿಯ ಕಟ್ಟುಪಾಡು ಹೇಳಿದ. ಕಲ್ಲು ಬೆಸ ಸಂಖ್ಯೆಯಲ್ಲಿರಬೇಕು. ದೊಡ್ಡದು ಒಂದೇ, ಅದು ನಟ್ಟನಡುವೆ ಇರದೆ ಒಂದು ಪಕ್ಕಕ್ಕಿರಬೇಕು. ಉಳಿದವು ಅದು ಬಾಗಿದ ಕಡೆಗೇ ಬಾಗಬೇಕು. ಮಣ್ಣು ಹಿಂದೆ ಎತ್ತರ, ಮುಂದೆ ತಗ್ಗು. ಎರ್ರಪ್ಪ ಕೇಳುತ್ತ ಕೇಳುತ್ತ ತಲೆಯಾಡಿಸಿದ. "ತಿಳೀತು ಬಿಡು. ದೊಡ್ಡದು ಟಗರು, ಉಳಿದವು ಕುರಿ. ಮೇಯೋವಾಗ ಎಲ್ಲಾವೂ ಒಂದೇ ದಿಕ್ಕಿಗೆ ಮುಖ ಮಾಡ್ತವೆ. ಇದ್ರಾಗೇನೈತೆ ಕಲಿಯೋದು?"

ಮನೆಗೆ ಬಂದವನೇ, ತೊಟ್ಟಿಯನ್ನು ಒಳಮನೆಯ ಗೋಡೆಗೆ ಇಡುವುದೆಂದೂ ಅದರಲ್ಲಿ ಕಂಬದೂರು ಗುಡ್ಡ ಕಟ್ಟುವುದೆಂದೂ ಸಾರಿದ. ಬೀರಕ್ಕ ನಕ್ಕ ನಗು ನನ್ನ ಮನೆಯವರೆಗೂ ಕೇಳಿಸಿತು. ಆಮೇಲೆ ನಗು ನಿಲ್ಲಿಸಿ ಪಂಚಾಯಿತಿ ತೀರ್ಪಿನ ಹಾಗೆ ಹೇಳಿದಳು:

"ಕೂಸಿಗೆ ಕಿವಿ ಚುಚ್ಚೋ ಶಾಸ್ತ್ರಕ್ಕೆ ಕಲ್ಯಾಣದುರ್ಗದಿಂದ ನಮ್ಮ ಕಡೆಯೋರೆಲ್ಲ ಬತ್ತಾರೆ. ಅಷ್ಟೊತ್ತಿಗೆ ಈ ಗಾಜಿನಾಗೆ ಹಸುರು ಕಂಡ್ತೋ, ನೀನುಂಟು ನಿನ್ನ ಗುಡ್ಡವುಂಟು. ಬರೀ ಕೆಸರು ಕಂಡ್ತೋ, ಎಲ್ರ ಎದುರಿಗೇ ನೀರು ಚೆಲ್ಲಿ ಈರುಳ್ಳಿ ಸುರೀತೀನಿ."

ಬೀರಕ್ಕ ಹೇಳಿದ್ದನ್ನು ಮಾಡುವ ಹೆಂಗಸು. ಸಂತೆಗೆ ಹೊತ್ತಾಯಿತೆಂದು ಬೀಡಿ ಹಚ್ಚುತ್ತಿದ್ದ ಗಂಡನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಹೋದವಳು. ಎರ್ರಪ್ಪನಿಗೆ ಈರುಳ್ಳಿಯ ಅಂಜಿಕೆ ಇರಲಿಲ್ಲ. ಮತ್ತೆ ಬೆಳಗಾಗೆದ್ದು ಆ ಖಾಲಿ ಸೈಟುಗಳ ಮುಂದೆ ಹೋಗಿ ನಿಲ್ಲಬೇಕಲ್ಲ, ಅದರ ಅಂಜಿಕೆ.

ಚಂದ್ರಮೋಹನನ ಅಂಗಡಿಯಲ್ಲಿ ಕಲ್ಲೂ ಸಿಗುತ್ತಿತ್ತು. ಎರ್ರಪ್ಪ ಬೇಡವೆಂದ. ಗುಡ್ಡ ತನ್ನದಾದ ಮೇಲೆ ಕಲ್ಲು ಬೇರೆಯವರದು ಹೇಗಾದೀತು? ಚಂದ್ರಮೋಹನ ಎಚ್ಚರಿಕೆ ಹೇಳಿ ಕಳಿಸಿದ: "ಸುಣ್ಣದ ಅಂಶ ಇರೋ ಕಲ್ಲು ಮಾತ್ರ ಬೇಡ. ನೀರು ಕೆಡ್ತದೆ. ನಿಂಬೆರಸ ಬಿಟ್ಟು ನೋಡು, ನೊರೆ ಬಂದ್ರೆ ಎಸೆದುಬಿಡು."

ಆ ಸಂಜೆ ಎರ್ರಪ್ಪ ಮಾಳಿಗೆ ಹತ್ತಿ ಕಲ್ಯಾಣದುರ್ಗಕ್ಕೆ ಫೋನು ಮಾಡಿದ. ಮರುಳಸಿದ್ದಪ್ಪನ ಮನೆ ಇರುವುದು ಕಲ್ಯಾಣದುರ್ಗದಲ್ಲಿ, ಮಂದೆ ಇರುವುದು ಕಂಬದೂರು ಗುಡ್ಡದಲ್ಲಿ. ಫೋನು ಎತ್ತಿದ್ದು ಅವನ ಸೊಸೆ ವಾಣಿಶ್ರೀ. ಹೊಸದಾಗಿ ಬಂದ ಹುಡುಗಿ, ತವರಿನಲ್ಲಿ ಬರೀ ತೆಲುಗು. ಎರ್ರಪ್ಪನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಆದರೂ ಅವನದೊಂದು ಹಟ: ನಮ್ಮ ಮನೆಗೆ ಬಂದ ಹುಡುಗಿ ನಮ್ಮ ಮಾತು ಕಲಿಯಬೇಕು, ಆದ್ದರಿಂದ ಅವಳೊಡನೆ ಕನ್ನಡವೇ.

"ನೇನು ವಾಣಿಶ್ರೀನಿ ಮಾಮಾ. ಆಯನ ಗೊರ್ರೆಲ ದಗ್ಗರಿಕಿ ಪೋಯಿನಾರು."

"ಕುರಿ ಹತ್ರ ಹೋದ್ರಾ? ಆಗ್ಲಿ, ನೀನೇ ಹೇಳಮ್ಮ. ನಂಗೆ ಕಲ್ಲು ಬೇಕು ಅಂತ."

"ಕಲ್ಲಾ ಮಾಮಾ?"

"ಊಂ ಕಣಮ್ಮ, ಗುಡ್ಡದ ಕಲ್ಲು. ದೊಡ್ಡದು ಒಂದು, ಚಿಕ್ಕವು ನಾಕು. ನೊರೆ ಬರಬಾರ್ದು ಅಂತ ಹೇಳು. ನೊರೆ ಬಂದ್ರೆ ಅಲ್ಲೇ ಚೆಲ್ಲಿಬಿಡ್ಲಿ."

"ಫಂಕ್ಷನ್‌ಕಾ ಮಾಮಾ?"

"ಊಂ, ಕಿವಿ ಚುಚ್ಚೋದ್ರೊಳಗೆ ಆಗ್ಬೇಕು. ಚೀಲದಾಗೆ ಮುಚ್ಕೊಂಡು ತರ್ಲಿ. ಇಲ್ಲಿ ನಿಮ್ಮತ್ತೆ ಬೀರಕ್ಕನ ಕಣ್ಣಿಗೆ ಬಿದ್ರೆ ಕೂಗಾಡ್ತಾಳೆ."

ವಾರ ಕಳೆಯುವುದರೊಳಗೆ ಮರುಳಸಿದ್ದಪ್ಪ ಬಂದ. ನಾನು ಆಗ ಅವರ ಜಗುಲಿಯಲ್ಲೇ ಕೂತಿದ್ದೆ, ಬೀರಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಹೆಗಲ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಏನೋ ಭಾರ, ಕೈಯಲ್ಲೊಂದು ಬ್ಯಾಗು. ಅಂಗಿ ಎದೆಯವರೆಗೂ ಒದ್ದೆ. ಅವನ ಹಿಂದೆಯೇ ಒಂದು ನೊಣದ ದಂಡು.

"ಏನ್ಲಾ ಸಿದ್ದ, ಯಾವ ಬಾವೀಲಿ ಬಿದ್ದೆ?"

"ಭಾವ ಎಲ್ಲಕ್ಕ?" ಎಂದು ಅವನು ಪಿಸುಗುಟ್ಟಿದ.

ಒಳಗಿಂದ ಎರ್ರಪ್ಪ ಕುಂಟುತ್ತ ಓಡಿಬಂದ. "ತಂದ್ಯಾ? ದೊಡ್ಡದು ಹೆಂಗೈತೆ?"

"ಒಳ್ಳೆ ಭಾರ ಐತೆ ಭಾವ."

"ಬಿರುಕು ಇಲ್ಲ ತಾನೆ?"

"ಬಿರುಕಿಲ್ಲ, ಮುಚ್ಚಳ ಮಾತ್ರ ಹಾರೋಯ್ತು."

"ಕಲ್ಲಿಗೆ ಮುಚ್ಚಳ ಯಾಕ್ಲಾ?"

"ಸೋಮಂದೇಪಲ್ಲೀಲಿ ಬಸ್ಸು ಗುಂಡಿಗಿಳಿದಿದ್ದೇ ತಡ, ಡಬ್ ಅಂತ ಹಾರ್ತು ಭಾವ. ಕಂಡಕ್ಟರು ಟೈರು ಹೋಯ್ತು ಅಂತ ಇಳಿದು ಸುತ್ತ ನೋಡ್ಕೊಂಬಂದ. ಇನ್ನೊಂದು ಮಾತು ಹೇಳ್ತೀನಿ, ನೊರೆ ಬರಬಾರ್ದು ಅಂದ್ಯಂತೆ. ನೊರೆ ಇಲ್ದಿರೋದು ಎಲ್ಲಿ ಸಿಗ್ತದೆ? ಬೆಳಗಿಂದ ಊದಿ ಊದಿ ನನ್ನ ಕೆನ್ನೆ ಬಿದ್ದೋಗವೆ."

ಬೀರಕ್ಕ ಎದ್ದು ಗೋಣಿಚೀಲ ಎಳೆದಳು. ದೊಡ್ಡದೊಂದು ಪ್ಲಾಸ್ಟಿಕ್ ಕ್ಯಾನು, ಬಾಯಿಗೆ ಬಟ್ಟೆ ತುರುಕಿದೆ. ಬ್ಯಾಗಿನಲ್ಲಿ ನಾಲ್ಕು ಬಾಟಲಿ. ಜಗುಲಿಯ ತುಂಬ ಈಚಲು ಹೆಂಡದ ವಾಸನೆ.

ಗಡಿಯಲ್ಲಿ ಬೆಳೆದ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ, ಗುಡ್ಡ ಎಂದರೆ ಬಟ್ಟೆ. ಎರ್ರಪ್ಪ ಗುಡ್ಡದ ಕಲ್ಲು ಕೇಳಿದ. ಆ ಹುಡುಗಿ ಅರ್ಧ ಕಿವಿಯಿಂದ, ಅರ್ಧ ಊಹೆಯಿಂದ ಕೇಳಿಸಿಕೊಂಡು, 'ಗುಡ್ಡಲೋ ವಡಗಟ್ಟಿನ ಕಲ್ಲು', ಅಂದರೆ ಬಟ್ಟೆಯಲ್ಲಿ ಸೋಸಿದ ಹೆಂಡ, ದೊಡ್ಡ ಕ್ಯಾನು ಒಂದು, ಚಿಕ್ಕ ಬಾಟಲಿ ನಾಲ್ಕು ಎಂದು ಮಾವನಿಗೆ ಒಪ್ಪಿಸಿದ್ದಳು.

"ನಾನು ಹೊಟ್ಟೆ ಉರ್ಕೊಂಡು ತಂದೆ ಕಣಕ್ಕ" ಎಂದ ಮರುಳಸಿದ್ದಪ್ಪ. "ಒಂದು ದಿನ ಕುಡೀದೋನು, ಮಂದೆ ಬಿಟ್ಟ ಕೊರಗಿಗೆ ಭಾವ ಹೆಂಡಕ್ಕೆ ಬಿದ್ಬುಟ್ಟ ಅನ್ಕೊಂಡೆ. ಹಾಳಾದ್ದು ಕುಡಿಯೋದಾದ್ರೆ ಪ್ಯಾಟೇದು ಯಾಕೆ ಕುಡೀಬೇಕು, ಒಳ್ಳೇದಾದ್ರೂ ಕುಡೀಲಿ ಅಂತ ಮರದ ಬುಡದಲ್ಲೇ ನಿಂತು ಇಳಿಸ್ಕೊಂಬಂದೆ."

ಬೀರಕ್ಕ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ನಗು ಬಂತು. ಅವರೆಕಾಯಿ ಮೊರ ಮಗುಚಿ ಬಿತ್ತು. "ಇವಯ್ಯನ ಗುಡ್ಡ ನೋಡ್ರಪ್ಪೋ! ಇನ್ನೂ ಕಟ್ಟೇ ಇಲ್ಲ, ಆಗ್ಲೇ ವಾಲಾಡ್ತಾ ಐತೆ!"

ಮುಂದಿನ ಸಲ ಮರುಳಸಿದ್ದಪ್ಪ ನಿಜವಾದ ಕಲ್ಲನ್ನೇ ಹೊತ್ತು ತಂದ. ಅದೇ ಬಸ್ಸು, ಅದೇ ಕಂಡಕ್ಟರು. ಚೀಲವನ್ನು ಮೂಸಿ ನೋಡಿಯೇ ಹತ್ತಿಸಿಕೊಂಡನಂತೆ. ಅಷ್ಟು ಹೊತ್ತಿಗೆ ಉಳಿದಿದ್ದ ಒಂದು ಬಾಟಲಿ ಹೆಂಡ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿತ್ತು. ನಿಂಬೆಹಣ್ಣು ಯಾಕೆ ದಂಡ ಮಾಡಬೇಕೆಂದು ಎರ್ರಪ್ಪ ಅದನ್ನೇ ಕಲ್ಲುಗಳ ಮೇಲೆ ಸುರಿದ. ಎಲ್ಲಕ್ಕಿಂತ ಚೆಲುವಾಗಿದ್ದ ಬಿಳಿ ಗೆರೆಯ ಕಲ್ಲೊಂದು ಬುಸ್ ಎಂದು ನೊರೆ ಕಾರಿತು. "ನೋಡೋಕೆ ಲಕ್ಷಣ, ಒಳಗೆ ಸುಣ್ಣ" ಎಂದು ಅದನ್ನು ಬೀದಿಗೆ ಉರುಳಿಸಿದ. ಅದರ ಬದಲಿಗೆ ಮಗನ ಆಟೋ ಚಕ್ರಕ್ಕೆ ಅಡ್ಡ ಕೊಡುತ್ತಿದ್ದ ಕಲ್ಲಿಗೆ ಅದೃಷ್ಟ ಖುಲಾಯಿಸಿತು.

ಜೋಡಿಸುವುದಕ್ಕೆ ಕೂತರೆ ಎರ್ರಪ್ಪನಿಗೆ ಊಟದ ಪರಿವೆಯಿಲ್ಲ. ಟಗರನ್ನು ಎಡಕ್ಕೆ ನಿಲ್ಲಿಸಿದ. ಹೆಗಲಿಗೊಂದು, ಹಿಂದಕ್ಕೊಂದು, ದೂರಕ್ಕೆರಡು. ಎದ್ದು ಬಾಗಿಲವರೆಗೆ ಹೋಗಿ, ಕೋಲೂರಿ ನಿಂತು, ಕಣ್ಣು ಕಿರಿದು ಮಾಡಿ ನೋಡುವುದು. ಮತ್ತೆ ಬಂದು ಎಲ್ಲ ಕೀಳುವುದು. "ಆ ಕಡೇದು ಹಿಂಡು ಬಿಟ್ಟೋಗ್ತಾ ಐತೆ, ತಿರುಗಿಸ್ಬೇಕು" ಎನ್ನುವನು. ಬೀರಕ್ಕ ಪೊರಕೆ ಹಿಡಿದು ಬಂದು ಇಣುಕಿದಳು.

"ಇದೇನಯ್ಯ ಇದು, ದೇವ್ರಾ? ಒಲೇನಾ? ಹೇಳ್ಬುಡು. ದೇವ್ರಾದ್ರೆ ಕುಂಕುಮ ಇಡ್ತೀನಿ, ಒಲೆಯಾದ್ರೆ ಸಾರಿಸ್ತೀನಿ."

"ಮುಟ್ಟಬ್ಯಾಡ ಅಮ್ಮಿ! ಕುಂಕುಮ ಹಾಕ್ದೆ ಅಂದ್ರೆ ನೀರೆಲ್ಲ ಕೆಂಪಗಾಗ್ತದೆ."

ಹುಲ್ಲು ಮಾತ್ರ ಚಂದ್ರಮೋಹನನ ಅಂಗಡಿಯದು, ಕೂದಲಿನಷ್ಟು ಸಣ್ಣ ಎಸಳು. ಅದನ್ನು ಮಣ್ಣಿಗೆ ಊರಲು ಉದ್ದನೆಯ ಇಕ್ಕಳ ಬೇಕೆಂದು ಅವನೇ ಹೇಳಿದ್ದ. ಎರ್ರಪ್ಪನ ಬಳಿ ಕುರಿಗಳ ಗೊರಸಿನ ಮುಳ್ಳು ಕೀಳುತ್ತಿದ್ದ ಚಿಮುಟವಿತ್ತು. ಅದನ್ನು ಉಜ್ಜಿ ತೊಳೆದು, ಒಂದೊಂದೇ ಎಸಳು ನೆಟ್ಟ. ಇಷ್ಟು ದಿನ ಕಿತ್ತ ಕೈಗೆ ಈಗ ನೆಡುವ ಕೆಲಸ. ಮೇಲೆ ತಟ್ಟೆಯಿಟ್ಟು, ಮಣ್ಣು ಕದಡದಂತೆ ನಿಧಾನವಾಗಿ ನೀರು ಬಿಟ್ಟಾಯಿತು, ದೀಪ ಹಾಕಿಯಾಯಿತು, ಮೋಟರು ಗುಂಯ್ಯೆಂದಿತು. ಅವತ್ತು ಗುಡ್ಡ ಚೆನ್ನಾಗಿಯೇ ಕಂಡಿತು.

ಆಮೇಲೆ ಶುರುವಾಯಿತು ಪೀಕಲಾಟ. ಹುಲ್ಲು ಹಬ್ಬಲಿಲ್ಲ. ತುದಿ ಹಳದಿಯಾಯಿತು, ಕೆಲವು ಎಸಳು ಕಿತ್ತು ತೇಲಿದವು, ಕಲ್ಲಿನ ಮೇಲೆ ಕಂದು ಪಾಚಿ ಕೂತಿತು. ಎರ್ರಪ್ಪ ನೀರು ಬದಲಿಸಿದ, ಪಾಚಿ ಉಜ್ಜಿದ, ದೀಪ ಹೆಚ್ಚು ಹೊತ್ತು ಉರಿಸಿದ. ಪಾಚಿಯೇ ಸೊಂಪಾಯಿತು. ಇತ್ತ ಬೀರಕ್ಕ ಸಂತೆಯಿಂದ ಬಂದಾಗಲೆಲ್ಲ ಈರುಳ್ಳಿ ಚೀಲವನ್ನು ಬೇಕೆಂದೇ ತೊಟ್ಟಿಯ ಪಕ್ಕಕ್ಕೆ ಒರಗಿಸುತ್ತಿದ್ದಳು. ಶಾಸ್ತ್ರದ ದಿನ ಗೊತ್ತಾಯಿತು. ಎರ್ರಪ್ಪನ ಮುಖ ಅವನ ಹುಲ್ಲಿಗಿಂತ ಹಳದಿಯಾಯಿತು. ಒಂದು ಬೆಳಿಗ್ಗೆ ಅವನು ಮತ್ತೆ ಕೋಲು ಹಿಡಿದು ಖಾಲಿ ಸೈಟುಗಳ ಕಡೆ ಹೊರಟಿದ್ದನ್ನು ನಾನೇ ಕಂಡೆ.

ಆದರೆ ಕಾಲು ಅವನನ್ನು ಚಂದ್ರಮೋಹನನ ಅಂಗಡಿಗೆ ಕೊಂಡೊಯ್ದಿತು.

"ಪೆದ್ದಾಯನಾ, ನಿನ್ನ ಹುಲ್ಲಿಗೆ ಉಸಿರಾಟಕ್ಕೆ ಗ್ಯಾಸ್ ಸಾಲ್ತಿಲ್ಲ" ಎಂದ ಅವನು. "ಸೋಡಾದಲ್ಲಿ ಬರ್ತದಲ್ಲ, ಆ ಗ್ಯಾಸು. ದೊಡ್ಡೋರು ಸಿಲಿಂಡರ್ ಇಡ್ತಾರೆ. ಇಲ್ಲ ಅಂದ್ರೆ ಬಾಟಲೀಲಿ ಸಕ್ಕರೆ ನೀರು, ಬ್ರೆಡ್ಡಿಗೆ ಹಾಕೋ ಈಸ್ಟು ಕಲಸಿ ಇಡು. ಹುಳಿ ಬಂದು ಗುಳುಗುಳು ಅಂತದೆ. ಆ ಗಾಳಿನ ಪೈಪಲ್ಲಿ ತೊಟ್ಟಿಗೆ ಬಿಡೋದು."

"ಹುಳಿ ಬಂದು ಗುಳುಗುಳು ಅಂತದಾ? ಮುಚ್ಚಳ ಬಿಗಿಯಾಗಿ ಹಾಕಿದ್ರೆ?"

"ಡಬ್ ಅಂತ ಹಾರ್ತದೆ."

"ಟೈರು ಹೋದಂಗೆ?" ಎಂದು ಕೇಳಿದ ಎರ್ರಪ್ಪ, ಉತ್ತರಕ್ಕೂ ಕಾಯದೆ ಮನೆಗೆ ಹೊರಟ. ಮೊಣಕಾಲು ನೋವು ಅವತ್ತು ಅವನಿಗೆ ನೆನಪಿಗೇ ಬರಲಿಲ್ಲ.

ಆ ಗ್ಯಾಸಿಗೆ ಬೇಕಾದ ಹೆಂಡವನ್ನು ಹಿಂದೂಪುರದಲ್ಲೇ ತರಬಹುದಿತ್ತು. ಆದರೆ ಹೆಂಡದಂಗಡಿ ಮುಂದೆ ಕಂಡರೆ ಇನ್ನೊಂದು ಮೊಣಕಾಲನ್ನೂ ಮುರಿಯುವುದಾಗಿ ಬೀರಕ್ಕ ಹಿಂದೆಯೇ ಮಾತು ಕೊಟ್ಟಿದ್ದಳು. ಮಾಳಿಗೆ ಹತ್ತಿ ಮತ್ತೆ ಕಲ್ಯಾಣದುರ್ಗಕ್ಕೇ ಫೋನು ಮಾಡಿದ. ಎತ್ತಿದ್ದು ಮತ್ತೆ ವಾಣಿಶ್ರೀ. ಈ ಸಲ ಎರ್ರಪ್ಪ ಹುಷಾರಾಗಿದ್ದ. ಕಲ್ಲು ಎಂದರೆ ಬಂಡೆ ಬಂದೀತೆಂದು ಆ ಮಾತೇ ಎತ್ತಲಿಲ್ಲ. ಅಚ್ಚ ಕನ್ನಡದಲ್ಲಿ, ನಮ್ಮ ಕಡೆ ಆಡುವ ಹಾಗೆ ಹಕಾರ ನುಂಗಿ ಕೇಳಿದ:

"ನಂಗೆ ಎಂಡ ಬೇಕು ಕಣಮ್ಮ."

ತೆಲುಗಿನಲ್ಲಿ ಎಂಡ ಎಂದರೆ ಬಿಸಿಲು.

"ಇಕ್ಕಡ ಎಂಡ ಮಂಡಿಪೋತಾ ಉಂದಿ ಮಾಮಾ!" ಇಲ್ಲಿ ಬಿಸಿಲು ಸುಡುತ್ತಿದೆ ಎಂದಳು ಹುಡುಗಿ. ಆಮೇಲೆ, ಕಲಿತ ಕನ್ನಡ ತೋರಿಸಬೇಕಲ್ಲ, "ಎಂಡ ನಾನು ಹೆಂಗೆ ಕಳ್ಸೋದು ಮಾಮಾ?"

"ಕ್ಯಾನಿನಾಗೆ ಕಳ್ಸು!"

"ಎಂಡ... ಕ್ಯಾನ್‌ನಲ್ಲಾ?"

"ಊಂ, ಬೆಳಗಿನ ಎಂಡ ಇನ್ನೂ ಒಳ್ಳೇದು. ಹೊತ್ತೇರಿದ್ರೆ ಹುಳಿ ಆಗ್ತದೆ!"

ಹುಡುಗಿಗೆ ಗಾಬರಿಯಾಗಿರಬೇಕು. ಮಾಮನಿಗೆ ತಲೆ ಕೆಟ್ಟಿದೆಯೆಂದು ಯಾರನ್ನೋ ಕೂಗಿದ್ದು ಫೋನಿನಲ್ಲೇ ಕೇಳಿಸಿತು. ಎರ್ರಪ್ಪ ಹಟವನ್ನೆಲ್ಲ ಗಂಟುಕಟ್ಟಿ ಪಕ್ಕಕ್ಕಿಟ್ಟ. ಈಚಲ ಹೆಂಡವೆಂದು ಇಡೀ ಬೀದಿಗೆ ಕೇಳುವಂತೆ ತೆಲುಗಿನಲ್ಲಿ ಕಿರುಚಿದ: "ಈತ ಕಲ್ಲು ತಲ್ಲೀ! ತಾಗೇ ಕಲ್ಲು!"

"ಕುಡಿಯೋ ಕಲ್ಲಾ?" ಎಂದು ಅವಳು ಕನ್ನಡದಲ್ಲೇ ನಕ್ಕಳು. "ಮೊದ್ಲೇ ತೆಲುಗಲ್ಲಿ ಹೇಳ್ಬಾರ್ದಾ ಮಾಮಾ?"

ಕ್ಯಾನು ಬಂತು. ಈ ಸಲ ಮರುಳಸಿದ್ದಪ್ಪ ಮುಚ್ಚಳ ಸಡಿಲ ಬಿಟ್ಟು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದಿದ್ದ. ಕುರಿಗೆ ಡ್ರಿಪ್ ಹಾಕಿಸಿದಾಗ ಎತ್ತಿಟ್ಟಿದ್ದ ಸಲೈನ್ ಪೈಪು ಎರ್ರಪ್ಪನ ಟ್ರಂಕಿನಲ್ಲಿತ್ತು. ಕ್ಯಾನಿನ ಮುಚ್ಚಳಕ್ಕೆ ತೂತು ಕೊರೆದು ಪೈಪು ಸಿಕ್ಕಿಸಿ, ಸಂದಿಗೆ ಮೇಣ ಮೆತ್ತಿದ. ನೊರೆ ತೊಟ್ಟಿಗೆ ಹೋಗದಂತೆ ನಡುವೆ ನೀರಿನ ಬಾಟಲಿಯೊಂದನ್ನು ಇಟ್ಟ. ಪೈಪಿನ ತುದಿಗೆ, ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ಬೆರಳುದ್ದದ ಸಾಮಾನೊಂದನ್ನು ಚಂದ್ರಮೋಹನ ಕೊಟ್ಟ. "ಇದಕ್ಕೆ ಏನಂತಾರೆ?" ಎಂದರೆ, "ಏರ್ ಸ್ಟೋನು, ಗಾಳಿ ಕಲ್ಲು" ಎಂದ. ಎರ್ರಪ್ಪ ಕೈಮುಗಿದ. "ಸಾಕಪ್ಪ, ಇನ್ನೊಂದು ಕಲ್ಲು ಬ್ಯಾಡ. ಪೈಪಿನ ಮೂತಿ ಅಂತೀನಿ."

ಕ್ಯಾನಿನ ಕುದಿತ ತಗ್ಗಿದಾಗ ಗಸಿಗೆ ಬೆಲ್ಲದ ನೀರು ಹುಯ್ದರೆ ಮತ್ತೆ ಗುಳುಗುಳು. ಬೀರಕ್ಕನ ಬೆಲ್ಲದ ಡಬ್ಬ ಇಳಿಯುತ್ತ ಬಂತು, ಮೊದಮೊದಲು ಅವಳು ಇರುವೆಗಳನ್ನು ಬೈದಳು. ಹಗಲೆಲ್ಲ ಪೈಪು ನೀರಿನಲ್ಲಿ, ದೀಪ ಆರಿಸುವಾಗ ಹೊರಗೆ. "ಕತ್ತಲಾದ್ರೆ ಮೇಯಲ್ಲ, ಆಗ ಯಾಕೆ?" ಎನ್ನುತ್ತಿದ್ದ. ಬೀದಿಯಲ್ಲಿ ಹೆಂಡದ ವಾಸನೆ ನೆಲೆನಿಂತಿತು. ಪಾಪದ ಎರ್ರಪ್ಪ ಕುಡಿತಕ್ಕೆ ಬಿದ್ದನೆಂದು ಮಾತು ಹಬ್ಬಿತು. ಹಿರಿಯನೆಂದು ನನ್ನನ್ನು ಬುದ್ಧಿ ಹೇಳಲು ಕಳಿಸಿದರು. ಹೋಗಿ ನೋಡಿದರೆ ಅವನು ಕ್ಯಾನಿಗೆ ಕಿವಿಯಾನಿಸಿ ಕೂತಿದ್ದಾನೆ.

"ಏನಯ್ಯ ಎರ್ರಪ್ಪ, ಈ ವಯಸ್ಸಿನಲ್ಲಿ?"

"ನಾನಲ್ಲ ಕಣಣ್ಣ ಕುಡಿಯೋದು" ಎಂದು ತೊಟ್ಟಿಯ ಕಡೆ ಬೆರಳು ತೋರಿಸಿದ. "ಹುಲ್ಲು!"

ಬಗ್ಗಿ ನೋಡಿದೆ. ಹಳದಿ ಎಸಳುಗಳ ನಡುವೆ ಹೊಸ ಕುಡಿ, ಎಳೆ ಹಸಿರು. ಒಂದರ ಪಕ್ಕ ಇನ್ನೊಂದು, ಸಾಲುಗಟ್ಟಿ ಟಗರಿನ ಬುಡದ ಕಡೆ ಹೊರಟಿದ್ದವು.

ಶಾಸ್ತ್ರದ ದಿನ ಕಲ್ಯಾಣದುರ್ಗದವರೆಲ್ಲ ಬಂದರು. ಕೂಸಿನ ಕಿವಿ ಚುಚ್ಚಿಯಾಯಿತು, ಅದು ಕಿರುಚಿದ್ದೂ ಆಯಿತು. ಸುಮ್ಮನಾಗಿಸಲು ಅಮೃತಾ ಅದನ್ನು ಎತ್ತಿಕೊಂಡು ತೊಟ್ಟಿಯ ಮುಂದೆ ನಿಂತಳು. ಕೂಸು ಥಟ್ಟನೆ ಅಳು ನಿಲ್ಲಿಸಿತು. ಒಬ್ಬೊಬ್ಬರೇ ಬಂದು ಇಣುಕಿದರು. ಬುಡದಿಂದ ಹೆಗಲವರೆಗೆ ಹಸಿರು ಹೊದ್ದ ಗುಡ್ಡ, ಎಸಳೆಸಳಿನ ತುದಿಯಲ್ಲೂ ಮುತ್ತಿನಂಥ ಗುಳ್ಳೆ, ಬಿಡಿಸಿಕೊಂಡು ಒಂದೊಂದೇ ಮೇಲೇರುತ್ತಿದೆ. ಚಂದ್ರಮೋಹನ ಕೊಟ್ಟ ಪುಟ್ಟ ಮೀನುಗಳು ಟಗರು ಕಲ್ಲಿನ ಹಿಂದಿನಿಂದ ಹಿಂಡಾಗಿ ಬಂದು, ಹಿಂಡಾಗಿಯೇ ತಿರುಗಿದವು.

ಮರುಳಸಿದ್ದಪ್ಪ ಬಗ್ಗಿ ಬಹಳ ಹೊತ್ತು ನೋಡಿದ. "ಭಾವ, ಆ ಸಂದೀಲಲ್ವಾ ನೀನು ಬುತ್ತಿ ಬಿಚ್ಚುತಿದ್ದಿದ್ದು?"

ಎರ್ರಪ್ಪನ ಕಣ್ಣು ಬೀರಕ್ಕನ ಮೇಲಿತ್ತು. ಅವಳು ಈರುಳ್ಳಿ ಚೀಲದ ಕಿವಿ ಹಿಡಿದು ನಿಂತಿದ್ದಳು. ತೊಟ್ಟಿ ನೋಡಿದಳು, ಗಂಡನನ್ನು ನೋಡಿದಳು. ಚೀಲವನ್ನು ದರದರ ಎಳೆದುಕೊಂಡು ಹೋಗಿ ಮಂಚದ ಕೆಳಗೆ ತಳ್ಳಿದಳು. "ನನ್ನ ಬೆಲ್ಲ ತಿಂದು ಬೆಳೆದೈತೆ, ಬೆಳೀದೆ ಇರ್ತದಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು.

ವಾಣಿಶ್ರೀ ಮುಂದೆ ಬಂದು ಗಾಜಿಗೆ ಮೂಗೊತ್ತಿದಳು. "ಮಾಮಾ, ಕಲ್ಲು ಬಾಗುಂದಿ" ಎಂದಳು. ಚೆನ್ನಾಗಿದೆ ಎಂದದ್ದು ತೊಟ್ಟಿಯ ಕಲ್ಲನ್ನೋ ಪಕ್ಕದಲ್ಲಿ ಗುಳುಗುಳು ಎನ್ನುತ್ತಿದ್ದ ಕ್ಯಾನನ್ನೋ ಯಾರಿಗೂ ಗೊತ್ತಾಗಲಿಲ್ಲ. ಮನೆ ತುಂಬ ನಗು.

ಊಟವಾಗಿ ಹೊರಡುವ ಹೊತ್ತಿಗೆ ಮರುಳಸಿದ್ದಪ್ಪ ಎಲೆಯಡಿಕೆ ಕೊಟ್ಟು ಕರೆದ. "ಭಾವ, ಬರೋ ಅಮಾಸೆಗೆ ಮನೇಲಿ ದೇವ್ರ ಮಾಡ್ತೀವಿ. ನೀನೂ ಅಕ್ಕನೂ ಬಂದು ಒಂದೆಂಟು ದಿನ ಇದ್ಕೊಂಡು ಹೋಗ್ಬೇಕು. ಈಗೇನು ನಿಂಗೆ ಕೆಲ್ಸ?"

ಎರ್ರಪ್ಪ ಕೋಲು ಗೋಡೆಗೆ ಒರಗಿಸಿದ. ತೊಟ್ಟಿಯ ಮುಂದಿನ ಮಣೆಯ ಮೇಲೆ ಸಾವಕಾಶವಾಗಿ ಕೂತ. ಪೈಪಿನ ಮೂತಿ ಸರಿಪಡಿಸಿ, ಮುಖ ಬಿಗಿದುಕೊಂಡು ಹೇಳಿದ:

"ಮಂದೆ ಬಿಟ್ಟು ಹೆಂಗಪ್ಪ ಬರ್ಲಿ?"

ಬೀರಕ್ಕ ಕೈಗೆ ಸಿಕ್ಕ ಅಡಿಕೆ ಹೋಳು ಎಸೆದಳು. ಅದು ಅವನ ತಲೆಗೆ ಬಡಿದು ತೊಟ್ಟಿಯೊಳಗೆ ಬಿತ್ತು. ಅದನ್ನು ಎತ್ತಲು ಚಿಮುಟಕ್ಕಾಗಿ ಎರ್ರಪ್ಪ ಮನೆಯೆಲ್ಲ ತಡಕಾಡಿದ.